ಕೊಸರು

ಚಿಲೊಯೆ ದ್ವೀಪದ ಆ ಶಾಲೆಯಲ್ಲಿ
ಮೂರು ದಿನ ನನ್ನ ಕೆಲಸ ಎಣಿಸುವುದು.
ನಕಾಶೆಗಳನ್ನು ಸುತ್ತಿ ಮೂಲೆಗಿಟ್ಟ ಕೋಣೆ,
ಸೌದೆ ಒಲೆ, ಒದ್ದೆ ಉಣ್ಣೆಯ ವಾಸನೆ,
ಬಾಗಿಲಿಗೆ ಒಳಗಿನಿಂದ ಚಿಲಕ.
ನಾನು ಯಾರ ಮುಖವನ್ನೂ ನೋಡುವಂತಿಲ್ಲ,
ಯಾರೂ ನನ್ನದನ್ನು.

ಆಚೆ ಹಜಾರದಲ್ಲಿ ಹಿಮೆನಾ ಒಯಾರ್ಸುನ್
ಎಲ್ಲರಿಗೂ ಒಂದೇ ದನಿಯಲ್ಲಿ ಓದುತ್ತಾಳೆ,
ನಗದೆ, ಹುಬ್ಬೇರಿಸದೆ, ಹಾಳೆಯಲ್ಲಿ ಇದ್ದಷ್ಟೇ:
"ನಿಮಗೆ ಸಾವಿರ ಪೆಸೊದ ಹತ್ತು ನೋಟು.
ಈ ದ್ವೀಪದ ಇನ್ನೊಬ್ಬರಿಗೆ ಏನೂ ಇಲ್ಲ.
ಅವರು ಯಾರೆಂದು ನಿಮಗೆ ತಿಳಿಯದು,
ನೀವು ಯಾರೆಂದು ಅವರಿಗೆ.
ಪರದೆಯ ಹಿಂದೆ ಹೋಗಿ
ಕೊಡಬೇಕೆನಿಸಿದಷ್ಟು ಲಕೋಟೆಗೆ ಹಾಕಿ.
ಉಳಿದದ್ದು ನಿಮ್ಮದು.
ಇಟ್ಟುಕೊಂಡ ಒಂದೊಂದು ನೋಟಿಗೂ
ಒಂದೊಂದು ಖಾಲಿ ಚೀಟಿ ತುಂಬಿ.
ಲಕೋಟೆಯ ದಪ್ಪ ಯಾರ ಗುಟ್ಟನ್ನೂ ಹೇಳಬಾರದು."

ಹೇಳುವುದೂ ಇಲ್ಲ.
ಹೇಳುವುದು ನನ್ನ ಬೆರಳು: ಐದು. ಐದು. ನಾಲ್ಕು. ಸೊನ್ನೆ.
ಐದು. ಮೂರು.
ಸೊನ್ನೆ ಬಂದಾಗ ತಡೆದು ನಿಲ್ಲುವುದಿಲ್ಲ ನಾನು.
ಹತ್ತು ಚೀಟಿ, ಬೆಳ್ಳಗೆ,
ಆಗಷ್ಟೇ ತೊಳೆದುಕೊಂಡ ಕೈಯ ಹಾಗೆ.

ನಾಲ್ಕು ವರ್ಷದ ಹಿಂದೆ, ಸಾಂತಿಯಾಗೊದಲ್ಲಿ,
ಇದೇ ಹಿಮೆನಾಳ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ
ಪರದೆಯ ಹಿಂದೆ ನಿಂತಿದ್ದವನು ನಾನು.
ಹತ್ತನ್ನೂ ಇಟ್ಟುಕೊಂಡೆ.
ಬಾಡಿಗೆ ಬಾಕಿಯಿತ್ತು ಎನ್ನಬಹುದು. ಇರಲಿಲ್ಲ.
ಅವಳ ನಕ್ಷೆಯ ಎಡತುದಿಯ ಎತ್ತರದ ಕಂಬದಲ್ಲಿ
ನಾನೂ ಒಂದು ಇಟ್ಟಿಗೆ.
ಅವಳಿಗೆ ಗೊತ್ತಿಲ್ಲ.
ಅಷ್ಟು ಅಚ್ಚುಕಟ್ಟು ಆ ಪ್ರಯೋಗ.

ಎರಡನೆಯ ದಿನ, ಇಪ್ಪತ್ತೇಳನೆಯ ಲಕೋಟೆ.
ಎಂಟು, ಒಂಬತ್ತು, ಹತ್ತು,
ಹನ್ನೊಂದು.
ಮತ್ತೆ ಎಣಿಸಿದೆ. ಎಂಜಲು ಹಚ್ಚಿ ಎಣಿಸಿದೆ.
ನಾವು ಬ್ಯಾಂಕಿನಿಂದ ತಂದ ಗರಿಗರಿ ಹತ್ತು,
ಅವುಗಳ ನಡುವೆ ನಾಲ್ಕು ಮಡಿಕೆಯ ಹಳೆಯದೊಂದು,
ಹೊಗೆಗೊಡ್ಡಿದ ಮೀನಿನ ವಾಸನೆಯದು.

ಗಣಕಕ್ಕೆ ಹೊಡೆದೆ. ಕೆಂಪಾಯಿತು.
ಆ ಅಂಕಣ ಸೊನ್ನೆಯಿಂದ ಹತ್ತರವರೆಗಿನ
ಮನುಷ್ಯರನ್ನು ಮಾತ್ರ ಒಪ್ಪುತ್ತದೆ.

ರಾತ್ರಿ ಹಿಮೆನಾ ಆ ನೋಟನ್ನು ದೀಪಕ್ಕೆ ಹಿಡಿದು ನೋಡಿದಳು.
"ನಿಯಮ ಅರ್ಥವಾಗಿಲ್ಲ ಎಂದು ಬರೆದು ಕೈಬಿಡಬಹುದು."
ಸ್ವಲ್ಪ ಹೊತ್ತಿನ ಮೇಲೆ: "ಹತ್ತು ಎಂದು ಬರೆದು ಸುಮ್ಮನಿರಬಹುದು."
ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಏನೂ ಹೇಳಲಿಲ್ಲ.
ಜನ ಹೇಗೆ ನಿರ್ಧರಿಸುತ್ತಾರೆಂದು
ಹದಿನೇಳು ವರ್ಷ ಕೆದಕಿದವಳು
ಚಹಾ ಆರಿ ತಣ್ಣಗಾದರೂ ನಿರ್ಧರಿಸಲಿಲ್ಲ.

ನನಗೆ ದಾಲ್ಕಾವೆಯ ಸಂತೆ ನೆನಪಾಯಿತು.
ನೇರಳೆ ಆಲೂಗಡ್ಡೆ ತೂಗಿದವಳು
ತಕ್ಕಡಿ ಸಮನಾದ ಮೇಲೆ, ದುಡ್ಡು ಎಣಿಸಿಕೊಂಡ ಮೇಲೆ,
ಬೇರೆ ಯಾರ ಜೊತೆಗೋ ಮಾತಾಡುತ್ತ
ಇನ್ನೆರಡು ನನ್ನ ಚೀಲಕ್ಕೆ ಎಸೆದಿದ್ದಳು.
ಯಾಪಾ ಎನ್ನುತ್ತಾರೆ ಇಲ್ಲಿ. ಕೊಸರು.
ತೂಕ ಮುಗಿದ ಮೇಲೆ ಬೀಳುವುದು.

ಮೂರನೆಯ ದಿನ ಹಂಚಿದೆವು.
ಇಪ್ಪತ್ತೇಳು ಹೋದದ್ದು
ದೋಣಿ ಕಟ್ಟುವ ಬೆಲಿಸಾರಿಯೊ ಮಿಯಾಲೊಂಕೊನ ಕೈಗೆ.
ಗಂಟೆಯೊಳಗೆ ತಿರುಗಿ ಬಂದ, ಟೋಪಿ ಕಂಕುಳಲ್ಲಿ.
"ಲೆಕ್ಕ ತಪ್ಪಿದೆಯಪ್ಪ ನಿನಗೆ. ಒಂದು ಹೆಚ್ಚಿಗೆ ಬಂದಿದೆ."
ಹತ್ತು ಬಂದದ್ದು ಅವನಿಗೆ ಹೆಚ್ಚೆನಿಸಿರಲಿಲ್ಲ.
ಮಡಿಕೆಯ ನೋಟನ್ನು ಮೇಜಿನ ಮೇಲಿಟ್ಟು
ಹಾರಿಹೋಗದಿರಲೆಂದು
ಜೇಬಿನ ದೋಣಿಮೊಳೆಯೊಂದನ್ನು ಮೇಲಿರಿಸಿ
ಹೋದ.

ಹಿಮೆನಾ ಕಡವಿನಲ್ಲಿ ಪೆಟ್ಟಿಗೆ ಹತ್ತಿಸುತ್ತಿದ್ದಳು.
ಮತ್ತೆ ನಾನು, ಒಂದು ಮೇಜು, ಯಾರೂ ನೋಡದ ಕೋಣೆ.
ವಿಶ್ವವಿದ್ಯಾಲಯದ ಖರ್ಚಿನ ಪಟ್ಟಿಯಲ್ಲಿ ಅದಕ್ಕೊಂದು ಸಾಲಿಲ್ಲ.
ಕೊಟ್ಟವರಿಗೆ ಹೆಸರಿಲ್ಲ,
ಪಡೆದವನು ಒಲ್ಲ.

ತೆಗೆದುಕೊಂಡೆ. ಮೊಳೆಯನ್ನೂ.

ಹಿಮೆನಾಳ ಪ್ರಬಂಧ ಅಚ್ಚಾಗಿದೆ.
ಅಡಿಟಿಪ್ಪಣಿ ಆರು:
"ಒಂದು ಲಕೋಟೆಯನ್ನು ಗಣನೆಗೆ ತೆಗೆದುಕೊಂಡಿಲ್ಲ."
ಬರೆಯುವ ಮುನ್ನ ನನ್ನನ್ನು ಕೇಳಿದ್ದಳು.
ಸರಿ ಎಂದಿದ್ದೆ.

ಹತ್ತು ಇಟ್ಟುಕೊಂಡ ರಾತ್ರಿ ನನಗೆ ಗಾಢ ನಿದ್ದೆ ಬಂದಿತ್ತು.
ಈ ಒಂದಕ್ಕೆ ಈಗ ಮೂರು ವರ್ಷ.
ಬ್ರೆಡ್ಡಿನಂಗಡಿಯಲ್ಲಿ ಚಿಲ್ಲರೆಗೆ ತಡಕುವಾಗ
ಬೆರಳಿಗೆ ನಾಲ್ಕು ಮಡಿಕೆ ತಗಲುತ್ತದೆ.
ಅದರ ಪಕ್ಕದ್ದನ್ನು ಎಳೆದು ಕೊಡುತ್ತೇನೆ.